ಮರಳು ಕಾಯ್ದದ್ದನ್ನು ನಾವು ಕಾಯಬಲ್ಲೆವೇ?

(ಟಿ. ನರಸೀಪುರದಲ್ಲಿ ಕಾಲೇಜು ವಿದ್ಯಾರ್ಥಿಗಳು ಹಾಗೂ ಅಧ್ಯಾಪಕರ ಎದುರು ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಈಜಿಪ್ಟ್ ದೇಶದ ಪುರಾತನ ಸಂಪತ್ತಿನ ಬಗ್ಗೆ ಟಿ. ನರಸೀಪುರದಲ್ಲಿ ಭಾಷಣ ಯಾಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಎಲ್ಲಿಯ ನೈಲ್, ಎಲ್ಲಿಯ ಕಪಿಲೆ? ಅಲ್ಲಿನ ಪಿರಮಿಡ್ಡುಗಳನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಪಠ್ಯಪುಸ್ತಕದ ಚಿತ್ರಗಳಲ್ಲಿ ಮಾತ್ರ. ಆದರೆ ಎರಡೂ ಕಡೆಯ ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನದಿ, ಮರಳು, ಅಣೆಕಟ್ಟು, ದೇವಾಲಯ, ಊರು ಬಿಟ್ಟ ಜನ ಇವೆಲ್ಲ ಅಲ್ಲಿಯೂ ಇವೆ, ಇಲ್ಲಿಯೂ ಇವೆ. ಅವರು ಎದುರಿಸಿದ ಪ್ರಶ್ನೆಗಳನ್ನೇ ನಾವು ಈಗ ಎದುರಿಸುತ್ತಿದ್ದೇವೆ. ಅವರು ಮಾಡಿದ ತಪ್ಪುಗಳನ್ನು ನಾವು ಮಾಡದೆ ಉಳಿಯಬಹುದು. ಅವರು ಸರಿಯಾಗಿ ಮಾಡಿದ್ದನ್ನು ಕಲಿಯಬಹುದು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ನೀವು ಕುಳಿತಿರುವ ಊರಿನಿಂದಲೇ ಶುರು ಮಾಡೋಣ. ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ 1959ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಟಿ. ನರಸೀಪುರದ ಹೊಳೆಯ ದಡದಲ್ಲಿ ಉತ್ಖನನ ನಡೆಯಿತು. ಅದರ ವರದಿ 1971ರಲ್ಲಿ ಪ್ರಕಟವಾಯಿತು. ನವಶಿಲಾಯುಗದ ಜನ, ಎಂದರೆ ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದಿನವರು, ಈ ಸಂಗಮದ ಬಳಿ ನೆಲೆಸಿದ್ದರೆಂದು ಅದರಿಂದ ತಿಳಿಯಿತು. ಅವರು ಬಳಸುತ್ತಿದ್ದ ವಸ್ತುಗಳಲ್ಲಿ ಸುಟ್ಟ ಮಣ್ಣಿನ ಒಂದು ತಲೆಯಾಸರೆಯೂ ಸಿಕ್ಕಿತು. ಹತ್ತಿಯ ದಿಂಬಿಗೆ ಬದಲಾಗಿ ತಲೆ ಇಡುವ ಗಟ್ಟಿ ಆಸರೆ ಅದು. ಈಜಿಪ್ಟಿನ ಸಮಾಧಿಗಳಲ್ಲಿ ಮರ, ಕಲ್ಲು, ದಂತಗಳಲ್ಲಿ ಮಾಡಿದ ಇಂಥ ತಲೆಯಾಸರೆಗಳು ಹೇರಳವಾಗಿ ದೊರೆತಿವೆ. ಟುಟಂಖಾಮುನ್ ದೊರೆಯ ಸಮಾಧಿಯಲ್ಲೂ ಇದ್ದವು.

ಇಷ್ಟರಿಂದಲೇ ಅವರೂ ನಾವೂ ನೆಂಟರು ಎಂದು ಹೇಳುವಂತಿಲ್ಲ. ತಲೆಯಿರುವ ಕಡೆಯೆಲ್ಲ ತಲೆಯಾಸರೆ ಹುಟ್ಟಬಹುದು. ಆದರೆ ಆ ಮಣ್ಣಿನ ತುಂಡನ್ನು ಯಾರೋ ಜೋಪಾನವಾಗಿ ಎತ್ತಿ, ಎಲ್ಲಿ ಯಾವ ಆಳದಲ್ಲಿ ಸಿಕ್ಕಿತೆಂದು ಬರೆದಿಟ್ಟಿದ್ದರಿಂದಲೇ ಇಂದು ನಾವು ಹೋಲಿಸಿ ನೋಡಲು ಸಾಧ್ಯವಾಗಿದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಕಸದ ತಿಪ್ಪೆಯಲ್ಲಿ ಕನ್ನಡ?

ಈಜಿಪ್ಟಿನ ಮರಳು ಬಲು ಒಣ. ಒಣಮರಳಿನಲ್ಲಿ ಹುಳು ಹತ್ತುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಹೀಗಾಗಿ ಅಲ್ಲಿ ಕಲ್ಲಷ್ಟೇ ಅಲ್ಲ, ಬಟ್ಟೆ, ಹಗ್ಗ, ಬುಟ್ಟಿ, ಕಾಗದದಂಥ ಪಪೈರಸ್ ಹಾಳೆಗಳೂ ಸಾವಿರಾರು ವರ್ಷ ಉಳಿದಿವೆ. ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು 1896ರಿಂದ ಅಗೆಯತೊಡಗಿದರು. ರಾಶಿ ರಾಶಿ ಹಾಳೆಗಳು ಸಿಕ್ಕವು. ಅವುಗಳಲ್ಲಿ 413ನೇ ಸಂಖ್ಯೆಯ ಹಾಳೆಯನ್ನು 1903ರಲ್ಲಿ ಪ್ರಕಟಿಸಿದರು. ಅದೊಂದು ಗ್ರೀಕ್ ಪ್ರಹಸನ. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಖಾರಿಷನ್ ಎಂಬ ಗ್ರೀಕ್ ಹೆಣ್ಣುಮಗಳನ್ನು ಅವಳ ಕಡೆಯವರು, ಅಲ್ಲಿನ ದೊರೆಗೆ ಮದ್ಯ ಕುಡಿಸಿ, ಪಾರುಮಾಡುವ ಕಥೆ ಅದರಲ್ಲಿದೆ.

ಸ್ವಾರಸ್ಯವೆಂದರೆ ಆ ದೊರೆಯೂ ಅವನ ಜನರೂ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವಿರಬಹುದೆಂದು ಶಾಸನತಜ್ಞ ಹುಲ್ಷ್ 1904ರಲ್ಲಿ ಸೂಚಿಸಿದರು. ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಈ ಚರ್ಚೆಯನ್ನು ಮುಂದುವರಿಸಿದರು. ತುಳು ಎಂದವರಿದ್ದಾರೆ. ಪ್ರೇಕ್ಷಕರನ್ನು ನಗಿಸಲು ಹೆಣೆದ ಅರ್ಥವಿಲ್ಲದ ಮಾತು ಎಂದವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಆದರೆ ಕನ್ನಡದ ಪ್ರಾಚೀನತೆಯ ಬಗ್ಗೆ ಇಷ್ಟು ದೊಡ್ಡ ಚರ್ಚೆ ಎದ್ದದ್ದು, ಯಾರೋ ಎಸೆದ ಒಂದು ಹಾಳೆಯನ್ನು ಪರದೇಶದ ಮರಳು ಕಾಯ್ದಿಟ್ಟಿದ್ದರಿಂದ.

ನಮ್ಮ ಮಳೆ ನಾಡಿನಲ್ಲಿ ಅಂಥ ಭಾಗ್ಯವಿಲ್ಲ. ಓಲೆಗರಿಗಳನ್ನು ಗೆದ್ದಲು ತಿನ್ನುತ್ತದೆ, ಮತ್ತೆ ಮತ್ತೆ ಪ್ರತಿ ಮಾಡಿಕೊಳ್ಳದಿದ್ದರೆ ಅವು ಉಳಿಯುವುದಿಲ್ಲ. ಅದಕ್ಕಾಗಿಯೇ ನಮ್ಮ ಹಿರಿಯರು ಉಳಿಯಬೇಕಾದ ಮಾತನ್ನು ಕಲ್ಲಿನ ಮೇಲೆ, ತಾಮ್ರದ ತಗಡಿನ ಮೇಲೆ ಬರೆಸಿದರು. ಊರ ಬಾಗಿಲಲ್ಲಿ ನಿಂತ ಶಾಸನದ ಕಲ್ಲೇ ನಮ್ಮ ಪಪೈರಸ್ ಎನ್ನಬಹುದು.

ತಲಕಾಡಿನ ಮರಳು

ಇಲ್ಲಿಂದ ಕಾವೇರಿಯ ಹಾದಿ ಹಿಡಿದು ಇದೇ ತಾಲ್ಲೂಕಿನ ತಲಕಾಡಿಗೆ ಬರೋಣ. ಗಂಗರ ರಾಜಧಾನಿಯಾಗಿದ್ದ ಊರು. 11ನೇ ಶತಮಾನದ ಆರಂಭದಲ್ಲಿ ಚೋಳರ ವಶವಾಯಿತು. ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು ‘ತಲಕಾಡುಗೊಂಡ’ ಎನಿಸಿಕೊಂಡ, ಆ ಗೆಲುವಿನ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಇಷ್ಟು ದೊಡ್ಡ ಊರು ಕ್ರಮೇಣ ಮರಳಿನ ಅಡಿ ಸೇರಿತು. ಬಿ.ಎಲ್. ರೈಸ್ ಅವರ 1897ರ ಮೈಸೂರು ಗ್ಯಾಸೆಟಿಯರ್ ಹೇಳುವಂತೆ, ಸುಮಾರು ಒಂದು ಮೈಲಿ ಉದ್ದದ ಮರಳ ದಿಬ್ಬಗಳು ವರ್ಷಕ್ಕೆ 9-10 ಅಡಿಯಂತೆ ಊರ ಮೇಲೆ ಏರಿ ಬರುತ್ತಿದ್ದವು, ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದರು. ಮರಳಿನಡಿ 30ಕ್ಕೂ ಹೆಚ್ಚು ಗುಡಿಗಳಿವೆ ಎಂಬ ಮಾತೂ ಅಲ್ಲಿದೆ.

ಕಾರಣವೇನು? ಅಲಮೇಲಮ್ಮನ ಶಾಪ ಎಂದು ನಿಮ್ಮ ಅಜ್ಜಿಯಂದಿರು ಹೇಳಿರುತ್ತಾರೆ. ಶ್ರೀರಂಗಪಟ್ಟಣ ಮೈಸೂರು ಅರಸರ ಕೈಸೇರಿದ ಕಾಲದಲ್ಲಿ, ಒಡವೆಗಳಿಗಾಗಿ ಬೆನ್ನಟ್ಟಿದವರಿಂದ ತಪ್ಪಿಸಿಕೊಂಡ ಅಲಮೇಲಮ್ಮ ಮಾಲಂಗಿಯ ಮಡುವಿಗೆ ಹಾರುವ ಮುನ್ನ ಶಾಪವಿತ್ತಳೆಂಬುದು ಕಥೆ. ಜನಮನದಲ್ಲಿ ನಾಲ್ಕು ಶತಮಾನ ಉಳಿದು ಬಂದ ಕಥೆಯೂ ಒಂದು ಪರಂಪರೆಯೇ, ಅದನ್ನು ಹಾಸ್ಯ ಮಾಡಬೇಕಿಲ್ಲ. ವಿಜ್ಞಾನಿಗಳು ಬೇರೆ ಕಾರಣಗಳನ್ನೂ ಹುಡುಕಿದ್ದಾರೆ. ಕೃಷಿ ವಿಜ್ಞಾನಿ, ಲೇಖಕ ಕೆ.ಎನ್. ಗಣೇಶಯ್ಯ ಅವರು ಬೊಟ್ಟು ಮಾಡಿದ್ದು ತಲಕಾಡಿಗೆ ಮೇಲ್ಗಡೆ 14ನೇ ಶತಮಾನದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯ ಕಡೆಗೆ. ಕಟ್ಟೆಯಿಂದ ಹೊಳೆಯ ನೀರು ತಗ್ಗಿತು, ತಿರುವಿನಲ್ಲಿ ಮರಳಿನ ಒಡಲು ತೆರೆದುಕೊಂಡಿತು, ಮುಂಗಾರಿನ ನೈರುತ್ಯ ಗಾಳಿ ಆ ಮರಳನ್ನು ಎತ್ತಿ ದಡದ ಊರ ಮೇಲೆ ಸುರಿಯಿತು ಎಂಬುದು ಅವರ ವಾದದ ತಿರುಳು. ಭೂಮಿಯ ಪದರಗಳ ಚಲನೆಯಿಂದ ಹೊಳೆಯ ಗತಿ ಬದಲಾಯಿತೆಂದು ಹೇಳುವ ಭೂವಿಜ್ಞಾನಿಗಳೂ ಇದ್ದಾರೆ. ಒಟ್ಟಿನಲ್ಲಿ ಹೊಲಕ್ಕೆ ನೀರು ಕೊಟ್ಟ ಅದೇ ಕಟ್ಟೆ ಪಟ್ಟಣಕ್ಕೆ ಮರಳು ಕೊಟ್ಟಿರಬಹುದು.

ಈಜಿಪ್ಟಿನಲ್ಲೂ ಹಾಗೆಯೇ. ಮನುಷ್ಯನ ಮುಖ, ಸಿಂಹದ ಮೈಯ ಸ್ಫಿಂಕ್ಸ್ ವಿಗ್ರಹ ಎಷ್ಟೋ ಶತಮಾನ ಕುತ್ತಿಗೆಯವರೆಗೆ ಮರಳಿನಲ್ಲಿ ಹೂತಿತ್ತು. ಅದರ ಮುಂಗಾಲುಗಳ ನಡುವೆ ನಿಂತ ಶಾಸನ, ನಾಲ್ಕನೇ ಥುಟ್ಮೋಸ್ ದೊರೆಗೆ ಅದು ಕನಸಿನಲ್ಲಿ ಬಂದು ಮರಳು ತೆಗೆಸೆಂದು ಕೇಳಿಕೊಂಡ ಕಥೆಯನ್ನು ಹೇಳುತ್ತದೆ. ಕ್ರಿಸ್ತಪೂರ್ವ 1400ರ ಹೊತ್ತಿನ ಮಾತು ಅದು. ನಮ್ಮಲ್ಲಿ ದೇವರು ಕನಸಿನಲ್ಲಿ ಬಂದು ಹುತ್ತದಿಂದ ತೆಗೆಯೆಂದ ಸ್ಥಳಪುರಾಣಗಳು ಎಷ್ಟಿಲ್ಲ! ದಕ್ಷಿಣದ ಅಬು ಸಿಂಬೆಲ್‌ನಲ್ಲಿ ಎರಡನೇ ರಾಮ್ಸೆಸ್ ಬೆಟ್ಟ ಕೊರೆಸಿ ಮಾಡಿಸಿದ ದೇವಾಲಯವೂ ಮರಳಿನಲ್ಲಿ ಮುಳುಗಿತ್ತು. ಸ್ವಿಟ್ಜರ್‌ಲೆಂಡಿನ ಬರ್ಕ್‌ಹಾರ್ಟ್ 1813ರಲ್ಲಿ ಅದನ್ನು ಕಂಡಾಗ ಸುಮಾರು 20 ಮೀಟರ್ ಎತ್ತರದ ಮೂರ್ತಿಗಳ ಮೇಲಿನ ಭಾಗವಷ್ಟೇ ಕಾಣುತ್ತಿತ್ತು. ಇಟಲಿಯ ಬೆಲ್ಜೋನಿ 1817ರಲ್ಲಿ ಮರಳು ಸರಿಸಿ ಒಳಹೊಕ್ಕ.

ಮರಳು ಊರನ್ನು ನುಂಗುತ್ತದೆ, ಆದರೆ ನುಂಗಿದ್ದನ್ನು ಕಾಯುತ್ತದೆ. ಗಾಳಿ, ಮಳೆ, ಬಿಸಿಲು, ಕಳ್ಳರ ಕೈ ಎಲ್ಲವೂ ಅಲ್ಲಿಗೆ ಮುಟ್ಟುವುದು ಕಷ್ಟ. ಮರಳು ತೆಗೆದ ದಿನದಿಂದ ಆ ಕಾವಲುಗಾರನ ಕೆಲಸ ಮನುಷ್ಯನ ಹೆಗಲಿಗೆ ಬೀಳುತ್ತದೆ. ತಲಕಾಡಿನಲ್ಲಿ 1990ರ ದಶಕದಲ್ಲಿ ರಾಜ್ಯ ಪುರಾತತ್ವ ಇಲಾಖೆ ವಿಸ್ತಾರವಾದ ಉತ್ಖನನ ನಡೆಸಿತು. ಕೀರ್ತಿನಾರಾಯಣ ದೇವಾಲಯದ ಶಿಥಿಲ ಭಾಗಗಳನ್ನು ಬಿಚ್ಚಿ, ಕಲ್ಲು ಕಲ್ಲಿಗೂ ಸಂಖ್ಯೆ ಬರೆದು ಮತ್ತೆ ಜೋಡಿಸುವ ಕೆಲಸವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೈಗೊಂಡಿತು. ಮರಳಿನಿಂದ ಎದ್ದ ಗುಡಿಗಳು ತಗ್ಗಿನಲ್ಲಿ ನಿಂತಿವೆ. ಸುತ್ತಲಿನ ಮರಳು ಜರುಗದಂತೆ, ಮಳೆನೀರು ನಿಲ್ಲದಂತೆ ನೋಡುವ ಕೆಲಸ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಪಂಚಲಿಂಗ ದರ್ಶನದ ವರ್ಷಗಳಲ್ಲಿ, 2009, 2013, 2020ರಲ್ಲಿ ಆದಂತೆ, ಎಲ್ಲರ ಕಣ್ಣು ತಲಕಾಡಿನ ಮೇಲಿರುತ್ತದೆ. ಗುಡಿಗಳಿಗೆ ಕಾವಲು ಬೇಕಾದದ್ದು ನಡುವಿನ ವರ್ಷಗಳಲ್ಲಿ.

ಎತ್ತರಕ್ಕೆ ಏರಿದ ದೇಗುಲ

ಈಜಿಪ್ಟ್ ಸರ್ಕಾರ 1960ರಲ್ಲಿ ಆಸ್ವಾನ್ ಬಳಿ ನೈಲ್ ನದಿಗೆ ಭಾರಿ ಅಣೆಕಟ್ಟು ಕಟ್ಟಲು ಶುರು ಮಾಡಿತು. ದೇಶಕ್ಕೆ ನೀರು ಬೇಕಿತ್ತು, ವಿದ್ಯುತ್ ಬೇಕಿತ್ತು. ಆದರೆ ನೂಬಿಯಾ ಪ್ರದೇಶದ ದೇವಾಲಯಗಳೂ ಹಳ್ಳಿಗಳೂ ಮುಳುಗಲಿದ್ದವು. ಅದೇ ವರ್ಷ ಮಾರ್ಚ್ 8ರಂದು ಯುನೆಸ್ಕೊ ಜಗತ್ತಿಗೆಲ್ಲ ಮನವಿ ಮಾಡಿತು. ಹಲವು ದೇಶಗಳು ಹಣ, ತಜ್ಞರು, ಯಂತ್ರಗಳೊಂದಿಗೆ ಮುಂದೆ ಬಂದವು. ಅಬು ಸಿಂಬೆಲ್‌ನ ದೇವಾಲಯಗಳನ್ನು 1964ರಿಂದ 1968ರೊಳಗೆ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಹಳೆಯ ಜಾಗಕ್ಕಿಂತ ಸುಮಾರು 65 ಮೀಟರ್ ಎತ್ತರದಲ್ಲಿ ಮತ್ತೆ ನಿಲ್ಲಿಸಿದರು. ಒಂದೊಂದು ತುಂಡು 20ರಿಂದ 30 ಟನ್ ತೂಕ. ವರ್ಷಕ್ಕೆ ಎರಡು ಬಾರಿ ಬೆಳಗಿನ ಬಿಸಿಲು ಗರ್ಭಗುಡಿಯ ಮೂರ್ತಿಗಳನ್ನು ಮುಟ್ಟುವ ಏರ್ಪಾಡು ಮೂಲದಲ್ಲಿತ್ತು, ಹೊಸ ಜಾಗದಲ್ಲೂ ಅದನ್ನು ಉಳಿಸಿಕೊಂಡರು. 1980ರಲ್ಲಿ ಕಾರ್ಯ ಮುಗಿಯುವ ವೇಳೆಗೆ 22 ಸ್ಮಾರಕಗಳು ಸ್ಥಳಾಂತರಗೊಂಡಿದ್ದವು. ಈ ಕಾರ್ಯದ ಅನುಭವವೇ 1972ರ ವಿಶ್ವ ಪರಂಪರೆ ಒಪ್ಪಂದಕ್ಕೆ ಪ್ರೇರಣೆಯಾಯಿತು.

ನಮ್ಮ ದೇಶವೂ ಸುಮ್ಮನಿರಲಿಲ್ಲ. ಪುರಾತತ್ವಜ್ಞ ಬಿ.ಬಿ. ಲಾಲ್ ಅವರ ನೇತೃತ್ವದ ತಂಡ 1961-62ರಲ್ಲಿ ನೂಬಿಯಾಕ್ಕೆ ಹೋಗಿ ಅಫ್ಯೆ ಎಂಬಲ್ಲಿ ಉತ್ಖನನ ನಡೆಸಿತು. ಟಿ. ನರಸೀಪುರದ ದಡದಲ್ಲಿ ಶೇಷಾದ್ರಿಯವರ ತಂಡ ಅಗೆಯುತ್ತಿದ್ದ ಕಾಲವೂ ಅದೇ. ಅಲ್ಲಿನ ಸಮಾಧಿಗಳ ಕಪ್ಪು-ಕೆಂಪು ಮಡಕೆಗಳಿಗೂ ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಮಡಕೆಗಳಿಗೂ ಇರುವ ಹೋಲಿಕೆಯನ್ನು ಲಾಲ್ ಗಮನಿಸಿದ್ದರು.

ಮುಳುಗಿದ್ದನ್ನು ಎತ್ತಿ ನಿಲ್ಲಿಸಿದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಕೃಷ್ಣರಾಜಸಾಗರ ಕಟ್ಟಿದಾಗ ಕನ್ನಂಬಾಡಿಯ ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ನೀರಿನಡಿ ಹೋಯಿತು. ಬರಗಾಲದಲ್ಲಿ ನೀರು ಇಳಿದಾಗಷ್ಟೇ ಅದು ತಲೆ ಎತ್ತುತ್ತಿತ್ತು. ಖೋಡೆ ಪ್ರತಿಷ್ಠಾನದವರು ಅದನ್ನು ಬಿಚ್ಚಿ ಸಾಗಿಸಿ ಹೊಸ ಕನ್ನಂಬಾಡಿಯ ದಡದಲ್ಲಿ ಪುನಃ ಕಟ್ಟಿದರು. ಬಿಚ್ಚುವ ಮೊದಲು ಸಾವಿರಾರು ಛಾಯಾಚಿತ್ರ ತೆಗೆದು, ಕಲ್ಲುಗಳಿಗೆ ಗುರುತು ಹಾಕಿದ್ದರು. ಇಂದು ಜನ ಹೋಗಿ ನೋಡುತ್ತಾರೆ.

ಇಲ್ಲಿ ಎರಡು ಮಾತು ಹೇಳಬೇಕು. ಮೊದಲನೆಯದು, ನೂಬಿಯಾದಲ್ಲಿ ಕಲ್ಲಿಗೆ ಸಿಕ್ಕ ಗಮನ ಜನರಿಗೆ ಸಿಗಲಿಲ್ಲ. ಈಜಿಪ್ಟಿನ ಭಾಗದಲ್ಲೇ ಸುಮಾರು 50 ಸಾವಿರ ನೂಬಿಯನ್ನರು ನದಿದಡದ ಹಳ್ಳಿಗಳನ್ನು ಬಿಟ್ಟು ಕೊಮ್ ಒಂಬೊ ಕಡೆಯ ಹೊಸ ಬಡಾವಣೆಗಳಿಗೆ ಹೋಗಬೇಕಾಯಿತು. ಅವರ ನುಡಿ, ಹಾಡು, ಮನೆಯ ಗೋಡೆಗಳ ಚಿತ್ತಾರಗಳನ್ನು ಕ್ರೇನಿನಲ್ಲಿ ಎತ್ತಿ ಸಾಗಿಸಲು ಆಗಲಿಲ್ಲ. ಎರಡನೆಯದು, ಎಲ್ಲ ಗುಡಿಗಳನ್ನೂ ಉಳಿಸಲು ಅವರಿಗೂ ಆಗಲಿಲ್ಲ. ಆದರೆ ನೀರು ಏರುವ ಮುನ್ನ ಆ ನೆಲವನ್ನು ಸಮೀಕ್ಷೆ ಮಾಡಿದರು. ಅಳೆದರು, ಚಿತ್ರ ಬರೆದರು, ಶಾಸನಗಳನ್ನು ನಕಲು ಮಾಡಿದರು. ಉಳಿಸಲಾಗದ್ದನ್ನು ಕೂಡ ದಾಖಲಿಸದೆ ಬಿಡಬಾರದು ಎಂಬ ಪಾಠ ಅಬು ಸಿಂಬೆಲ್‌ನಷ್ಟೇ ದೊಡ್ಡದು.

ಪೂಜೆಯಿರುವ ಗುಡಿ, ಪೂಜೆಯಿಲ್ಲದ ಗುಡಿ

ಈಜಿಪ್ಟಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ರಾಮ್ಸೆಸ್‌ನ ದೇವರಿಗೆ ಈಗ ಮಂಗಳಾರತಿಯಿಲ್ಲ. ಆ ದೇವಾಲಯಗಳನ್ನು ವಸ್ತುಸಂಗ್ರಹಾಲಯದಂತೆ ಕಾಪಾಡಬಹುದು. ನಮ್ಮಲ್ಲಿ ಹಾಗಲ್ಲ. ಈ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವನ್ನೇ ನೋಡಿ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ. ಮೂರು ಗರ್ಭಗುಡಿಗಳಲ್ಲಿ ಕೇಶವನ ಮೂಲ ವಿಗ್ರಹ ಇಲ್ಲವಾಗಿದೆ. ನಿತ್ಯಪೂಜೆ ನಿಂತುಹೋಗಿದೆ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಅದು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಪೂಜೆ ನಿಂತದ್ದರಿಂದ ಅಲ್ಲಿ ಹೊಸ ಮಂಟಪ ಏಳಲಿಲ್ಲ, ಗೋಡೆಗೆ ಬಣ್ಣ ಬೀಳಲಿಲ್ಲ ಎಂಬುದೂ ನಿಜ.

ನಂಜನಗೂಡಿನ ಶ್ರೀಕಂಠೇಶ್ವರನ ಗುಡಿ ಇದಕ್ಕೆ ವಿರುದ್ಧವಾದ ಉದಾಹರಣೆ. ಅದು ಒಂದೇ ಕಾಲದ ಕಟ್ಟಡವಲ್ಲ, ಅರಸರು, ದಳವಾಯಿಗಳು, ಭಕ್ತರು ಸೇರಿಸುತ್ತಾ ಬಂದದ್ದು. ಇಂದು ನಾವು ಕಾಣುವ ಏಳು ಕಳಶಗಳ ಎತ್ತರದ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದ್ದು. ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಯಾಯಿತೆಂದು ಅವನು ಪಚ್ಚೆಲಿಂಗ ಒಪ್ಪಿಸಿದ, ಸ್ವಾಮಿಯನ್ನು ಹಕೀಮ್ ನಂಜುಂಡ ಎಂದು ಕರೆದ ಎಂಬ ಪ್ರತೀತಿ ನಂಜನಗೂಡಿನ ಮನೆಮನೆಯಲ್ಲಿದೆ. ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಎಳೆಯುವ ಹಗ್ಗವೂ, ಹಿಡಿಯುವ ಕೈಯೂ, ಜಾತ್ರೆಗೆ ಬರುವ ಹಳ್ಳಿಗಳ ಸಂಪ್ರದಾಯವೂ ಆ ಪರಂಪರೆಯ ಭಾಗ. ಇಂಥ ಗುಡಿಗೆ ಬೀಗ ಹಾಕಿ ಕಾಪಾಡುವುದು ಕಾಪಾಡುವುದಲ್ಲ, ಅದರ ಜೀವ ತೆಗೆಯುವುದು.

ಪೂಜೆಯಿಲ್ಲದ ಪರಂಪರೆಯೂ ನಂಜನಗೂಡಿನಲ್ಲಿದೆ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ, ಕಪಿಲೆಗೆ ಕಟ್ಟಿದ ಕಲ್ಲಿನ ಸೇತುವೆಯ ಮೇಲೆ ಎತ್ತಿನ ಗಾಡಿ, ಮೋಟಾರು, ಕೊನೆಗೆ ರೈಲೂ ಓಡಿತು. ಚಾಮರಾಜನಗರದ ಮಾರ್ಗ ಬ್ರಾಡ್‌ಗೇಜ್ ಆದಾಗ ರೈಲು ಹೊಸ ಸೇತುವೆಗೆ ಹೋಯಿತು. ಹಳೆಯ ಸೇತುವೆಯನ್ನು ಪಾರಂಪರಿಕ ಸ್ಮಾರಕವೆಂದು ಗುರುತಿಸಲಾಗಿದೆ. ಕಪಿಲೆ ಉಕ್ಕಿ ಹರಿದ 2019ರ ಆಗಸ್ಟ್‌ನಂಥ ನೆರೆಗಳನ್ನು ಅದು ಎಷ್ಟು ಕಂಡಿದೆಯೋ! ಕೆಲಸ ಮುಗಿದ ಸೇತುವೆಯನ್ನು ಕಾಯಲು ಭಕ್ತರಿಲ್ಲ, ಹುಂಡಿಯಿಲ್ಲ. ಕಲ್ಲಿನ ಸಂದಿಯಲ್ಲಿ ಅರಳಿ ಗಿಡ ಬೇರೂರಿದಾಗ ಕಿತ್ತು ಹಾಕುವವರು ಬೇಕು, ಅಷ್ಟೇ.

ಸಿಮೆಂಟು ಮತ್ತು ಬಣ್ಣ

ಈಗ ನಮ್ಮ ಹಳ್ಳಿಗಳ ವಿಷಯಕ್ಕೆ ಬರುತ್ತೇನೆ. ವರದಿಗಾಗಿ ಈ ಎರಡು ತಾಲ್ಲೂಕುಗಳನ್ನು ಸುತ್ತುವಾಗ ಪದೇ ಪದೇ ಕಿವಿಗೆ ಬೀಳುವ ಮಾತು ‘ಜೀರ್ಣೋದ್ಧಾರ’. ಊರಿನವರು ಚಂದಾ ಎತ್ತಿ, ಪ್ರೀತಿಯಿಂದ ಗುಡಿ ದುರಸ್ತಿ ಮಾಡಿಸುತ್ತಾರೆ. ಅದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಜೀರ್ಣೋದ್ಧಾರ ಮಾಡದೆ ನಮ್ಮ ಯಾವ ಗುಡಿಯೂ ಇಷ್ಟು ಕಾಲ ನಿಂತಿಲ್ಲ. ಆದರೆ ಹೇಗೆ ಮಾಡುತ್ತೇವೆ ಎಂಬುದು ಮುಖ್ಯ. ಹಳೆಯ ಗಾರೆಯ ಮೇಲೆ ಸಿಮೆಂಟು ಮೆತ್ತುತ್ತೇವೆ. ಕಲ್ಲಿನ ಕಂಬಕ್ಕೆ ಎನಾಮೆಲ್ ಬಣ್ಣ ಬಳಿಯುತ್ತೇವೆ. ನೆಲಕ್ಕೆ, ಗೋಡೆಗೆ ಟೈಲ್ಸ್ ಅಂಟಿಸುತ್ತೇವೆ. ಅಡಿಯಲ್ಲಿ ಅಕ್ಷರಗಳಿದ್ದರೆ ಅವು ಅಲ್ಲಿಗೇ ಮುಗಿದವು.

ಸಿಮೆಂಟಿನಿಂದ ತೊಂದರೆಯೇನು ಎಂದು ಕೇಳಬಹುದು. ಕಲ್ಲು, ಇಟ್ಟಿಗೆ, ಸುಣ್ಣದ ಗಾರೆ ಇವು ತೇವವನ್ನು ಹೀರಿಕೊಂಡು ಮತ್ತೆ ಗಾಳಿಗೆ ಬಿಡುತ್ತವೆ, ಒಂದು ರೀತಿಯಲ್ಲಿ ಉಸಿರಾಡುತ್ತವೆ. ಗಟ್ಟಿ ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ತೇವ ಹಳೆಯ ಕಲ್ಲಿನೊಳಗೇ ಉಳಿಯುತ್ತದೆ. ನೀರಿನಲ್ಲಿ ಕರಗಿದ ಉಪ್ಪು, ನೀರು ಆರಿದಾಗ ಹರಳುಗಟ್ಟಿ, ಕಲ್ಲಿನ ಮೈಯನ್ನು ಪದರ ಪದರವಾಗಿ ಎಬ್ಬಿಸುತ್ತದೆ. ಸ್ಫಿಂಕ್ಸ್‌ಗೆ ಆದದ್ದೂ ಇಂಥದೇ ಅನುಭವ. 1980ರ ದಶಕದಲ್ಲಿ ಅದರ ದುರಸ್ತಿಗೆ ಸಿಮೆಂಟು ಗಾರೆ ಮತ್ತು ಹೊಂದದ ಹೊಸ ಕಲ್ಲುಗಳನ್ನು ಬಳಸಿದರು. 1988ರಲ್ಲಿ ಬಲಭುಜದಿಂದ ದೊಡ್ಡ ಬಂಡೆಯೊಂದು ಕಳಚಿ ಬಿದ್ದಾಗ ಈಜಿಪ್ಟಿನಲ್ಲೇ ದೊಡ್ಡ ಗದ್ದಲವಾಯಿತು. ಬಳಿಕ ಸಿಮೆಂಟು ತೆಗೆಸಿ, ಸುಣ್ಣದ ಗಾರೆ ಹಾಗೂ ತಕ್ಕ ಕಲ್ಲು ಹಾಕಿ ಕೆಲಸವನ್ನು ಮತ್ತೆ ಮಾಡಿ ಮುಗಿಸುವ ಹೊತ್ತಿಗೆ 1998 ಬಂದಿತ್ತು.

ಇನ್ನೊಂದು ಘಟನೆ. ಟುಟಂಖಾಮುನ್‌ನ ಚಿನ್ನದ ಮುಖವಾಡ ಯಾರಿಗೆ ಗೊತ್ತಿಲ್ಲ? ಹೊವಾರ್ಡ್ ಕಾರ್ಟರ್ 1922ರಲ್ಲಿ ಪತ್ತೆ ಮಾಡಿದ ಆ ಸಮಾಧಿಯ 5 ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಹೊರತರಲು ಹತ್ತು ವರ್ಷ ಹಿಡಿಯಿತು. ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಚಿತ್ರ ತೆಗೆದು, ಮೇಣ ಹಾಕಿ ಗಟ್ಟಿ ಮಾಡಿ ಹೊರತಂದರು. ಅಷ್ಟು ಜೋಪಾನವಾಗಿ ತಂದ ಮುಖವಾಡದ ಗಡ್ಡ 2014ರಲ್ಲಿ ಕೈರೊ ವಸ್ತುಸಂಗ್ರಹಾಲಯದಲ್ಲಿ ಕಳಚಿತು, ಗಾಬರಿಯಲ್ಲಿ ಅದನ್ನು ಎಪಾಕ್ಸಿ ಅಂಟಿನಿಂದ ಮೆತ್ತಿಬಿಟ್ಟರು. ಮರುವರ್ಷ ತಜ್ಞರು ಆ ಅಂಟನ್ನು ನಾಜೂಕಾಗಿ ಕೆರೆದು ತೆಗೆದು, ಹಳೆಯ ಕಾಲದಂತೆ ಜೇನುಮೇಣದಿಂದ ಜೋಡಿಸಿದರು. ಈಗ ಅದು ಗೀಝಾದಲ್ಲಿ 2025ರ ನವೆಂಬರ್‌ನಲ್ಲಿ ಪೂರ್ಣವಾಗಿ ತೆರೆದ ಹೊಸ ಮಹಾ ವಸ್ತುಸಂಗ್ರಹಾಲಯ ಸೇರಿದೆ. ಅವಸರದ ಅಂಟು ಜಗತ್ತಿನ ಅತಿ ಪ್ರಸಿದ್ಧ ವಸ್ತುವಿಗೇ ತಪ್ಪಲಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಅಲ್ಲಿ ಹಳೆಯ ದಾಖಲೆ ಇತ್ತು, ಆದ್ದರಿಂದ ತಿದ್ದಿಕೊಳ್ಳಲು ಸಾಧ್ಯವಾಯಿತು. ನಮ್ಮ ಹಳ್ಳಿಯ ಗುಡಿಯ ಹಳೆಯ ಚಿತ್ರವೇ ಇಲ್ಲದಿದ್ದರೆ ಏನನ್ನು ನೋಡಿ ತಿದ್ದುವುದು?

ಬಟ್ಟೆ ಒಗೆಯುವ ಕಲ್ಲು

ಜಗತ್ತಿನ ಅತಿ ಪ್ರಸಿದ್ಧ ಶಾಸನ ರೊಸೆಟ್ಟಾ ಕಲ್ಲು. ಒಂದೇ ವಿಷಯವನ್ನು ಮೂರು ಲಿಪಿಗಳಲ್ಲಿ ಕೆತ್ತಿದ ಅದರ ನೆರವಿನಿಂದಲೇ ಶಾಂಪೋಲಿಯನ್ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ. 1799ರಲ್ಲಿ ಸಿಕ್ಕಾಗ ಅದು ಎಲ್ಲಿತ್ತು ಗೊತ್ತೇ? ಹಳೆಯ ಕೋಟೆಯೊಂದರ ಗೋಡೆಯಲ್ಲಿ, ಬರಿಯ ಕಟ್ಟಡದ ಕಲ್ಲಾಗಿ. ಕನ್ನಡದ ಪ್ರಾಚೀನ ಶಾಸನಗಳಲ್ಲಿ ಹೆಸರಾದ ಹಲ್ಮಿಡಿ ಶಾಸನವನ್ನು 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಅದೂ ಅಲ್ಲಿಯವರೆಗೆ ಹಳ್ಳಿಯ ಒಂದು ಸಾಮಾನ್ಯ ಕಲ್ಲೇ ಆಗಿತ್ತು. ನಮ್ಮ ಊರುಗಳಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿದೆ, ತೂಬಿನ ಚಪ್ಪಡಿಯಾಗಿದೆ, ವೀರಗಲ್ಲು ರಸ್ತೆ ಅಗಲ ಮಾಡುವಾಗ ಚರಂಡಿಗೆ ಉರುಳಿದೆ. ಕೆಲವು ಕಡೆ ಅಡಿಯಲ್ಲಿ ನಿಧಿಯಿದೆಯೆಂದು ರಾತ್ರೋರಾತ್ರಿ ಕಿತ್ತು ಹಾಕುವವರೂ ಇದ್ದಾರೆ. ನಿಧಿ ಕಲ್ಲಿನ ಕೆಳಗಿಲ್ಲ, ಕಲ್ಲಿನ ಮೇಲೆಯೇ ಇದೆ ಎಂದು ಅವರಿಗೆ ಹೇಳುವವರು ಬೇಕು.

ರೈಸ್ ಅವರು 1894ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೂರನೇ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಊರೂರಿನ ಹೆಸರಿನೊಂದಿಗೆ ಅಚ್ಚಾಗಿವೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿತು. ನಿಮ್ಮ ಊರಿನ ಹೆಸರು ಅದರಲ್ಲಿ ಇರುವ ಸಾಧ್ಯತೆ ಹೆಚ್ಚು. ಯಾರು ಕೆರೆ ಕಟ್ಟಿಸಿದರು, ಯಾರು ದನ ಕಾಯುತ್ತಾ ಮಡಿದರು, ಯಾವ ಹೊಲ ಯಾವ ಗುಡಿಗೆ ದತ್ತಿಯಾಯಿತು ಎಂಬುದೆಲ್ಲ ಅಲ್ಲಿದೆ. ಪುಸ್ತಕದಲ್ಲಿರುವ ಶಾಸನ ಊರಿನಲ್ಲಿ ಇಂದಿಗೂ ಇದೆಯೇ ಎಂದು ಹೋಗಿ ನೋಡಿದವರು ಎಷ್ಟು ಜನ?

ನಾವೇನು ಮಾಡಬಹುದು?

ಕಾನೂನು ಇದೆ. 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆಗಳ ಪ್ರಕಾರ ಘೋಷಿತ ಸ್ಮಾರಕಗಳಿಗೆ ರಕ್ಷಣೆಯಿದೆ. ಕೇಂದ್ರದ ಸ್ಮಾರಕಗಳಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಇದರಿಂದ ಸ್ಮಾರಕದ ಪಕ್ಕದ ಮನೆಯವರಿಗೆ ಆಗುವ ತೊಂದರೆಯೂ ಸಣ್ಣದಲ್ಲ. ಮನೆಗೊಂದು ಕೋಣೆ ಸೇರಿಸಿಕೊಳ್ಳಲು ಅಲೆದಾಡುವವರಿಗೆ ಸ್ಮಾರಕ ಹೆಮ್ಮೆಯಾಗಿ ಕಾಣುವುದಿಲ್ಲ, ಹೊರೆಯಾಗಿ ಕಾಣುತ್ತದೆ. ಅವರನ್ನು ಜೊತೆಗಿಟ್ಟುಕೊಳ್ಳದೆ ಯಾವ ಇಲಾಖೆಯೂ ಗೆಲ್ಲಲಾರದು. ಇನ್ನು ಪಟ್ಟಿಯ ಹೊರಗಿರುವ ಗುಡಿ, ವೀರಗಲ್ಲು, ಮಾಸ್ತಿಕಲ್ಲು, ಕಟ್ಟೆ, ಬಾವಿಗಳ ಸಂಖ್ಯೆ ಪಟ್ಟಿಯಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವಕ್ಕೆ ಊರಿನವರಲ್ಲದೆ ಬೇರೆ ಕಾವಲಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಟ್ಟುವ ಮುನ್ನ ದಾಖಲಿಸಿ. ನಿಮ್ಮ ಊರಿನಲ್ಲಿ ಜೀರ್ಣೋದ್ಧಾರದ ಮಾತು ಎದ್ದರೆ, ಕೆಲಸ ಶುರುವಾಗುವ ಮೊದಲೇ ಗುಡಿಯ ನಾಲ್ಕೂ ಕಡೆಯ, ಒಳಗಿನ, ಕಂಬ ಕಂಬದ ಚಿತ್ರ ತೆಗೆಯಿರಿ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಅಕ್ಷರ ಕಂಡರೆ ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ತೆಗೆಯಿರಿ, ಆಗ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಕಲ್ಲಿನ ಮೇಲೆ ಸೀಮೆಸುಣ್ಣ, ಎಣ್ಣೆ, ಬಣ್ಣ ಯಾವುದನ್ನೂ ಹಚ್ಚಬೇಡಿ. ಊರು, ದಿನಾಂಕ, ಜಾಗ ಬರೆದು ಒಂದು ಪ್ರತಿ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿಡಿ, ಒಂದು ಪ್ರತಿಯನ್ನು ಮೈಸೂರಿನ ಪುರಾತತ್ವ ಇಲಾಖೆಗೆ ಕಳಿಸಿ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ಆ ಸೀಮೆಯ ಶಾಸನಗಳನ್ನು ಹುಡುಕಿ ಸ್ಕ್ಯಾನರ್‌ನಿಂದ ಮೂರು ಆಯಾಮದ ಪ್ರತಿ ಮಾಡುತ್ತಿದ್ದಾರೆ. ಅಷ್ಟು ದೊಡ್ಡ ಯಂತ್ರ ನಮಗಿಲ್ಲದಿರಬಹುದು, ಆದರೆ ಮೊದಲ ಹೆಜ್ಜೆಗೆ ಅದು ಬೇಕಾಗಿಲ್ಲ.

ಇನ್ನೊಂದು ಮಾತು ಹಿರಿಯರಿಗೆ. ಭಿನ್ನವಾದ ವಿಗ್ರಹವನ್ನು ಪೂಜಿಸಬಾರದೆಂದು ಹೊಳೆಗೆ ಬಿಡುವ ಪದ್ಧತಿ ನಮ್ಮಲ್ಲಿದೆ. ಆ ಭಾವನೆಯನ್ನು ಗೌರವಿಸುತ್ತಲೇ ಕೇಳುತ್ತೇನೆ: ಪೂಜೆಯಿಂದ ಬಿಡುಗಡೆ ಮಾಡಿದ ಮೂರ್ತಿಯನ್ನು ನೀರಿಗೆ ಬಿಡುವ ಬದಲು ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬಾರದೇಕೆ? ಅದು ಪೂಜೆಗಲ್ಲದಿದ್ದರೂ ಪಾಠಕ್ಕೆ ಉಳಿಯುತ್ತದೆ.

ತ್ರಿಮಕೂಟ ಕ್ಷೇತ್ರವಾದ ಈ ಊರಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಹಿರಿಯರು ಹೇಳುತ್ತಾರೆ. 1989ರಿಂದ ಇಲ್ಲಿ ನಡೆಯುತ್ತಿರುವ ಕುಂಭಮೇಳಕ್ಕೆ, 2025ರ ಫೆಬ್ರುವರಿಯಲ್ಲಿ ಬಂದಂತೆ, ಸಾವಿರಾರು ಜನ ಬರುತ್ತಾರೆ. ಅಂಥ ಹೆಮ್ಮೆಗೆ ತಕ್ಕ ಎಚ್ಚರವೂ ನಮ್ಮಲ್ಲಿರಬೇಕಲ್ಲವೇ? ನೂಬಿಯಾದವರ ಬಳಿ ಅಣೆಕಟ್ಟು ತುಂಬುವವರೆಗಿನ ಕೆಲವೇ ವರ್ಷಗಳಿದ್ದವು, ಆ ಗಡುವು ಜಗತ್ತಿಗೆಲ್ಲ ಗೊತ್ತಿತ್ತು. ನಮ್ಮ ಹಳ್ಳಿಯ ಗುಡಿಗೂ ಒಂದು ಗಡುವಿದೆ, ಆದರೆ ಅದು ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಮುಂದಿನ ಜಾತ್ರೆಯೊಳಗೆ ಗೋಡೆಗೆ ಟೈಲ್ಸ್ ಹಾಕಿಸೋಣ ಎಂದು ಪಂಚಾಯಿತಿ ಕಟ್ಟೆಯಲ್ಲಿ ಯಾರೋ ಹೇಳಿದ ದಿನವೇ ಆ ಗಡುವು ಶುರು. ಆ ಮಾತು ಕಿವಿಗೆ ಬಿದ್ದ ಸಂಜೆಯೇ ನಿಮ್ಮಲ್ಲೊಬ್ಬರು ಹೋಗಿ ಆ ಗೋಡೆಯನ್ನು ಒಮ್ಮೆ ಓದಿದರೆ ಸಾಕು.